ಅವಿರಳಜ್ಞಾನಿ ಶ್ರೀ ಚೆನ್ನಬಸವಣ್ಣನವರು

ಶಿವಶರಣರ ಚರಿತ್ರೆಯನ್ನು ಓದುವ ಭಕ್ತಜನರ ಮನಸ್ಸು ಕಲ್ಯಾಣಪಟ್ಟಣದ ವೈಭವದಲ್ಲಿಯೇ ಹೆಚ್ಚಾಗಿ ನೆಲಸುವುದು ಸಹಜವಾಗಿದೆ. ಅನುಭವಮಂಟಪದ ಗೋಷ್ಠಿ, ಮಹಾಮನೆಯ ನಿತ್ಯದಾಸೋಹ, ದೇಶದೇಶಗಳಿಂದ ಬಂದು ನೆರೆದ ಜಂಗಮಸಮೂಹ, ಬಸವೇಶ್ವರರ ಔದಾರ್ಯ ಇವುಗಳನ್ನು ಪುರಾಣಕಾರರು ಮನದಣಿಯುವಂತೆ ವರ್ಣಿಸಿರುತ್ತಾರೆ. ಆದರೆ ಆ ಪಟ್ಟಣವು ಕೆಟ್ಟು, ಮಹಾಮನೆಯು ಬರಿದಾಗಿ, ಹಿರಿಯರು ಒಬ್ಬೊಬ್ಬರಾಗಿ ಅಗಲಿದ ತರುವಾಯ ಉಳಿದ ಶರಣರನ್ನು ಕೈಹಿಡಿದು ನಡೆಯಿಸಿದವರು ಯಾರು? ಅರಸನ ಆಶ್ರಯವಿಲ್ಲ, ಬೊಕ್ಕಸವಿಲ್ಲ, ನಾಳೆ ಎಲ್ಲಿ ತಂಗುವುದೆಂಬ ನಿಶ್ಚಯವಿಲ್ಲ. ಇಂತಹ ವೇಳೆಯಲ್ಲಿ ಒಂದು ಸಮೂಹವು ಚದುರದೆ ನಿಂತುದು ಯಾವ ಬಲದಿಂದ? ಈ ಪ್ರಶ್ನೆಯನ್ನು ಕೇಳಿಕೊಂಡವರಿಗೆ ಚೆನ್ನಬಸವಣ್ಣನವರ ಚರಿತ್ರೆಯು ಹೊಸದೊಂದು ಅರ್ಥವನ್ನು ಕೊಡುತ್ತದೆ.

ಚೆನ್ನಬಸವಣ್ಣನವರ ತಾಯಿ ನಾಗಲಾಂಬಿಕೆ, ಬಸವೇಶ್ವರರ ಅಕ್ಕ. ಶರಣರೆಲ್ಲರೂ ಆಕೆಯನ್ನು ಅಕ್ಕನಾಗಮ್ಮನೆಂದೇ ಕರೆದರು. ತಂದೆ ಶಿವಸ್ವಾಮಿಗಳು. ಡೋಹರ ಕಕ್ಕಯ್ಯನವರ ಪ್ರಸಾದವನ್ನು ನಾಗಲಾಂಬಿಕೆ ಸ್ವೀಕರಿಸಿದುದರ ಫಲವಾಗಿ ಈ ಮಗನು ಜನಿಸಿದನೆಂಬ ಐತಿಹ್ಯವು ಪುರಾಣಗಳಲ್ಲಿ ಬಂದಿದೆ. ತೊಗಲನ್ನು ಹದಮಾಡುವ ಕಾಯಕದ ಕಕ್ಕಯ್ಯನವರ ಪ್ರಸಾದದಿಂದ ಷಟ್‌ಸ್ಥಲದ ಆಚಾರ್ಯನು ಹುಟ್ಟಿದನೆಂದು ಹೇಳುವಾಗ ನಮ್ಮ ಹಿರಿಯರು ಬರಿಯ ಪವಾಡವೊಂದನ್ನು ಹೇಳಿರಲಾರರು. ಕುಲದ ಹೆಮ್ಮೆಗೆ ಆ ಕಥೆಯು ಮೊದಲನೆಯ ಹೆಜ್ಜೆಯಲ್ಲಿಯೇ ಎಡೆಗೊಡುವುದಿಲ್ಲ. ಬಾಲಕನು ಸೋದರಮಾವನಾದ ಬಸವೇಶ್ವರರ ಮನೆಯಲ್ಲಿ ಬೆಳೆದನು. ಅಲ್ಲಿ ದಿನಬೆಳಗಾದರೆ ಕಣ್ಣಿಗೆ ಬೀಳುವವರು ಜಂಗಮರು, ಕಿವಿಗೆ ಬೀಳುವುದು ಅನುಭಾವದ ಮಾತು. ತಾಯಿಯೇ ಮೊದಲನೆಯ ಗುರು, ಮಾವನೇ ಎರಡನೆಯವರು. ಮುಂದೆ ಆತನು ತನ್ನ ವಚನಗಳಿಗೆ ಇಟ್ಟುಕೊಂಡ ಅಂಕಿತವೂ ಕೂಡಲಚೆನ್ನಸಂಗಮದೇವನದು. ಮಾವನ ಇಷ್ಟದೈವದ ಹೆಸರಿನೊಳಗೆ ತನ್ನ ಹೆಸರಿನ ಚೆನ್ನವನ್ನು ಕೂಡಿಸಿದಂತಿದೆ.

ಆಗಿನ ರಾಜಕೀಯ ಸ್ಥಿತಿಯನ್ನು ತುಸು ಅರಿತುಕೊಳ್ಳದೆ ಮುಂದಿನದು ತಿಳಿಯಲಾರದು. ಕಲ್ಯಾಣವು ಚಾಲುಕ್ಯ ಚಕ್ರವರ್ತಿಗಳ ರಾಜಧಾನಿ. ಮಂಗಳವೇಡೆಯಲ್ಲಿದ್ದ ಕಳಚುರ್ಯ ಬಿಜ್ಜಳನು ಆ ಚಕ್ರವರ್ತಿಗಳ ಮಹಾಮಂಡಲೇಶ್ವರನಾಗಿದ್ದನು. ಮೂರನೆಯ ತೈಲಪನ ದೌರ್ಬಲ್ಯವನ್ನು ಕಂಡು ಸುಮಾರು 1157ರಲ್ಲಿ ಆತನು ಅಧಿಕಾರವನ್ನು ಕೈವಶಮಾಡಿಕೊಂಡು, 1162ರ ಹೊತ್ತಿಗೆ ಸ್ವತಂತ್ರ ಚಕ್ರವರ್ತಿಯೆನಿಸಿದನು. ಸಿಂಹಾಸನವೇ ಹೀಗೆ ಕಿತ್ತುಕೊಂಡದ್ದಾಗಿರುವಾಗ ಅದರ ಕಾಲುಗಳು ಎಷ್ಟು ಭದ್ರವಾಗಿದ್ದಾವು? ಚಾಲುಕ್ಯರ ಕಡೆಯವರು ಒಂದೆಡೆ, ಅವಕಾಶವನ್ನು ಕಾಯುತ್ತಿದ್ದ ಸಾಮಂತರು ಇನ್ನೊಂದೆಡೆ. ಬಸವೇಶ್ವರರ ಏಳಿಗೆಯನ್ನು ಸಹಿಸದೆ ಭಂಡಾರದ ಹಣವನ್ನು ಜಂಗಮರಿಗೆ ಸುರಿಯುತ್ತಿರುವರೆಂದು ಅರಸನ ಕಿವಿಯಲ್ಲಿ ಊದುವವರು ಮತ್ತೊಂದೆಡೆ. ಹೊರಗಿನವರಿಗೆ ಕಲ್ಯಾಣವು ಸುಭಿಕ್ಷವಾದ ಪಟ್ಟಣವೆಂದು ತೋರಿದರೂ ಒಳಗೆ ನೆಲವು ಅದುರುತ್ತಲೇ ಇದ್ದಿತು.

ಅಂತಹ ದಿನಗಳಲ್ಲಿ ಚೆನ್ನಬಸವಣ್ಣನವರು ಕೈಕೊಂಡ ಕಾರ್ಯವು ಸದ್ದಿಲ್ಲದ್ದು. ಬಸವೇಶ್ವರರ ಭಕ್ತಿಯು ಹೊಳೆಯಂತೆ ಹರಿಯುತ್ತಿತ್ತು. ಅಲ್ಲಮಪ್ರಭುಗಳ ಜ್ಞಾನವು ಮಿಂಚಿನಂತೆ ಹೊಳೆಯುತ್ತಿತ್ತು. ಹೊಳೆಗೆ ದಡವೂ ಬೇಕು, ಮಿಂಚಿನ ಬೆಳಕನ್ನು ಹಿಡಿದಿಡುವ ದೀಪವೂ ಬೇಕು. ಒಕ್ಕಲಿಗನೂ ನೇಕಾರನೂ ಅಂಬಿಗನೂ ಮಡಿವಾಳನೂ ಶರಣಮಾರ್ಗಕ್ಕೆ ಬಂದಿದ್ದರು. ಅವರೆಲ್ಲರೂ ಪ್ರತಿದಿನ ಅನುಭವಮಂಟಪದಲ್ಲಿ ಕುಳಿತಿರುವಂತಿರಲಿಲ್ಲ, ಕಾಯಕವಿತ್ತು, ಮನೆಮಕ್ಕಳಿದ್ದರು. ಅವರ ಸಾಧನೆಯು ಮಹಾಪುರುಷರ ಸನ್ನಿಧಿಯನ್ನೇ ನೆಚ್ಚಿಕೊಂಡಿದ್ದರೆ ಆ ಸನ್ನಿಧಿಯು ತಪ್ಪಿದ ದಿನ ಏನಾಗಬೇಕು? ಈ ವಿಚಾರವನ್ನು ಯಾರೊಬ್ಬರೂ ಬಾಯಿಬಿಟ್ಟು ಎತ್ತಿದಂತೆ ತೋರುವುದಿಲ್ಲ. ಆದರೆ ಚೆನ್ನಬಸವಣ್ಣನವರು ತಮ್ಮ ಆಯುಷ್ಯವನ್ನು ಇದಕ್ಕೆ ಉತ್ತರವನ್ನು ಕಟ್ಟುವುದಕ್ಕಾಗಿಯೇ ಸವೆಯಿಸಿದರೆನ್ನಬಹುದು.

ಭಕ್ತ, ಮಹೇಶ, ಪ್ರಸಾದಿ, ಪ್ರಾಣಲಿಂಗಿ, ಶರಣ, ಐಕ್ಯ ಎಂಬ ಆರು ಸ್ಥಲಗಳು ಅವರಿಗಿಂತ ಮುಂಚೆಯೂ ಶರಣರ ನಾಲಗೆಯ ಮೇಲಿದ್ದವು. ಅವುಗಳ ಒಳಸಂಬಂಧವನ್ನು ಬಿಡಿಸಿ, ಒಂದೊಂದು ಸ್ಥಲದಲ್ಲಿಯೂ ಉಳಿದ ಐದು ಹೇಗೆ ಅಡಗಿರುವವೆಂದು ತೋರಿಸಿ, ಅಂಗಕ್ಕೂ ಲಿಂಗಕ್ಕೂ ಹೆಜ್ಜೆಹೆಜ್ಜೆಗೆ ಹೊಂದಿಕೆಯನ್ನು ಹೇಳಿಕೊಟ್ಟವರು ಚೆನ್ನಬಸವಣ್ಣನವರು. ಆದುದರಿಂದಲೇ ಅವರಿಗೆ ಷಟ್‌ಸ್ಥಲಚಕ್ರವರ್ತಿಯೆಂಬ ಬಿರುದು. ಮೂಗಿಗೆ ಬಂದ ಗಂಧವನ್ನು ಆಚಾರಲಿಂಗಕ್ಕೆ, ನಾಲಗೆಯ ರುಚಿಯನ್ನು ಗುರುಲಿಂಗಕ್ಕೆ, ಕಣ್ಣು ಕಂಡ ರೂಪವನ್ನು ಶಿವಲಿಂಗಕ್ಕೆ, ಮೈಗೆ ತಾಕಿದ ಸ್ಪರ್ಶವನ್ನು ಜಂಗಮಲಿಂಗಕ್ಕೆ, ಕಿವಿಗೆ ಬಂದ ಶಬ್ದವನ್ನು ಪ್ರಸಾದಲಿಂಗಕ್ಕೆ, ಇವೆಲ್ಲವುಗಳಿಂದ ಹೃದಯದಲ್ಲಿ ಮೂಡುವ ತೃಪ್ತಿಯನ್ನು ಮಹಾಲಿಂಗಕ್ಕೆ ಅರ್ಪಿಸುವ ಕ್ರಮವನ್ನು ಅವರು ವಿವರಿಸಿದರು. ಕರಣಹಸಿಗೆ, ಮಿಶ್ರಾರ್ಪಣ, ಮಂತ್ರಗೋಪ್ಯ ಎಂಬ ಕೃತಿಗಳು ಅವರ ಹೆಸರಿನಲ್ಲಿ ಬಂದಿವೆ. ವಚನಗಳಂತೂ ಸಾವಿರಕ್ಕೆ ಮಿಕ್ಕಿ ದೊರೆತಿವೆ.

ಈ ವಚನಗಳನ್ನು ಮೊದಲು ಕೈಗೆತ್ತಿಕೊಂಡವರಿಗೆ ಸ್ವಲ್ಪ ಬೇಸರವಾಗುವುದೂ ಉಂಟು. ಬಸವೇಶ್ವರರ ವಚನದಲ್ಲಿ ಕಣ್ಣೀರು ಕಾಣುವಂತೆ ಇಲ್ಲಿ ಕಾಣದು. ಅಲ್ಲಮಪ್ರಭುಗಳ ಬೆಡಗೂ ಇಲ್ಲ. ಆರು, ಮೂವತ್ತಾರು, ಇನ್ನೂರ ಹದಿನಾರು ಎಂದು ಎಣಿಕೆಯು ಬೆಳೆಯುತ್ತ ಹೋದಾಗ ಇದು ಪಂಡಿತರ ಲೆಕ್ಕಾಚಾರವೆಂದು ಪುಸ್ತಕವನ್ನು ಮುಚ್ಚುವವರಿದ್ದಾರೆ. ಅವರು ಒಂದು ಸಂಗತಿಯನ್ನು ಗಮನಿಸಬೇಕು. ಮೇಲೆ ಹೇಳಿದ ಅರ್ಪಣೆಯ ಕ್ರಮಕ್ಕೆ ದೇವಾಲಯವು ಬೇಡ, ಪೂಜಾರಿಯು ಬೇಡ, ತಿಥಿವಾರಗಳು ಬೇಡ. ಗೃಹಸ್ಥನು ಉಣ್ಣುವ ತುತ್ತು, ಹೊಲಕ್ಕೆ ಹೋಗುವಾಗ ಕಾಣುವ ನೋಟ, ಬೀದಿಯಲ್ಲಿ ಕೇಳುವ ಮಾತು ಇವೇ ಅರ್ಪಣೆಯ ದ್ರವ್ಯಗಳು. ಒಬ್ಬನು ಅರಣ್ಯದ ನಡುವೆ ಒಂಟಿಯಾಗಿದ್ದರೂ ಈ ಪೂಜೆಯು ನಿಲ್ಲಬೇಕಾಗಿಲ್ಲ. ಕಲ್ಯಾಣದ ಸಮೃದ್ಧಿಯ ದಿನಗಳಲ್ಲಿ ಈ ಉಪದೇಶದ ಬೆಲೆಯು ಅಷ್ಟಾಗಿ ತಿಳಿದಿರಲಿಕ್ಕಿಲ್ಲ.

ಅವರ ಅಂತರಂಗದ ಧೈರ್ಯವನ್ನು ತೋರಿಸುವ ಪ್ರಸಂಗಗಳು ಶೂನ್ಯಸಂಪಾದನೆಯಲ್ಲಿ ಹಲವು ಬರುತ್ತವೆ. ಅಲ್ಲಮಪ್ರಭುಗಳು ಸೊನ್ನಲಿಗೆಯ ಸಿದ್ಧರಾಮೇಶ್ವರರನ್ನು ಕರೆದುಕೊಂಡು ಕಲ್ಯಾಣಕ್ಕೆ ಬಂದು ಮಹಾಮನೆಯ ಬಾಗಿಲಲ್ಲಿ ನಿಂತಾಗ ಬಸವೇಶ್ವರರು ಲಿಂಗಪೂಜೆಯಲ್ಲಿ ಮಗ್ನರಾಗಿದ್ದರು. ಹಡಪದ ಅಪ್ಪಣ್ಣನವರನ್ನು ಕಳುಹಿಸಿದರೂ ಪ್ರಭುಗಳು ಒಳಗೆ ಬರಲೊಲ್ಲದೆ ಹೋದರು. ಆಗ, ಬಾಗಿಲಿಗೆ ಬಂದ ಜಂಗಮವನ್ನು ನಿಲ್ಲಿಸಿ ಮಾಡುವ ಲಿಂಗಪೂಜೆಯು ಪೂಜೆಯಲ್ಲವೆಂದು ಮಾವನಿಗೆ ತಿಳಿಯಹೇಳಿದವರು ಚೆನ್ನಬಸವಣ್ಣನವರು. ವಯಸ್ಸಿನಲ್ಲಿ ಕಿರಿಯರು, ಆಡಿದ ಮಾತು ಕಟುವಾದುದು, ಕೇಳಿದವರು ರಾಜ್ಯದ ದಂಡನಾಯಕರು, ಸಮಸ್ತ ಶರಣರ ಕಣ್ಮಣಿ. ಬಸವೇಶ್ವರರು ಸಿಡಿಮಿಡಿಗೊಳ್ಳದೆ ಎದ್ದು ಹೋಗಿ ಪ್ರಭುಗಳ ಪಾದಕ್ಕೆರಗಿದರು. ಹೇಳಿದವರ ಹಿರಿಮೆ ಎಷ್ಟೋ ಕೇಳಿದವರ ಹಿರಿಮೆಯೂ ಅಷ್ಟೇ ಎಂಬುದರಲ್ಲಿ ಸಂದೇಹವಿಲ್ಲ. ಆದರೂ ಆ ಮಾತನ್ನು ಹೇಳುವುದಕ್ಕೆ ಬೇಕಾದುದು ಅಧಿಕಾರವಲ್ಲ, ತನಗೇನೂ ಬೇಡವೆಂಬ ನಿರ್ಲಿಪ್ತತೆ. ಬೇಡುವವನ ಬಾಯಿಂದ ಇಂತಹ ಮಾತು ಹೊರಡಲಾರದು.

ಉಡುತಡಿಯ ಮಹಾದೇವಿಯಕ್ಕನವರು ಬಂದಾಗಿನ ಪ್ರಸಂಗವೂ ಹೀಗೆಯೇ. ಎಳೆಯ ಪ್ರಾಯದ ಹೆಣ್ಣುಮಗಳು ದಿಗಂಬರೆಯಾಗಿ ಕೇಶವನ್ನೇ ಉಡುಗೆಯಾಗಿಸಿಕೊಂಡು ಬಂದಳೆಂದರೆ ಸಭೆಯಲ್ಲಿ ಸಂಕೋಚಪಟ್ಟವರು ಇಲ್ಲದೆ ಇರಲಾರರು. ಪ್ರಭುಗಳು ಕಠಿಣವಾದ ಪ್ರಶ್ನೆಗಳಿಂದ ಆಕೆಯನ್ನು ಒರೆಗೆ ಹಚ್ಚಿದರು. ಆಕೆಯ ಅರಿವನ್ನು ಮನಗಂಡ ಚೆನ್ನಬಸವಣ್ಣನವರು, ಹಿರಿಯರ ಅನೇಕ ವಚನಗಳಿಗೆ ಆಕೆಯ ಒಂದೇ ವಚನವು ಸಾಟಿಯೆಂದು ತೂಗಿ ಹೇಳಿದರು. ಆ ತೂಕದಲ್ಲಿ ತಮ್ಮ ಮಾವನವರ ವಚನಗಳನ್ನೂ ಅವರು ಬದಿಗಿಡಲಿಲ್ಲ. ಅವುಗಳಿಗಿಂತಲೂ ಅಕ್ಕನ ಮಾತು ಮಿಗಿಲೆಂದರು.

ಸಿದ್ಧರಾಮೇಶ್ವರರದು ಇನ್ನೂ ಸೂಕ್ಷ್ಮವಾದ ಪ್ರಕರಣ. ಅವರು ಸೊನ್ನಲಿಗೆಯಲ್ಲಿ ಕೆರೆಯನ್ನು ಕಟ್ಟಿಸಿ, ದೇಗುಲಗಳನ್ನು ನಿಲ್ಲಿಸಿ, ಸಾವಿರಾರು ಜನರ ಪೂಜೆಗೆ ಪಾತ್ರರಾಗಿದ್ದ ಶಿವಯೋಗಿಗಳು. ಒಳಗೆ ಲಿಂಗವನ್ನು ಅರಿತವನಿಗೆ ಹೊರಗೆ ಇಷ್ಟಲಿಂಗವೇತಕ್ಕೆಂಬುದು ಅವರ ನಿಲುವು. ಒಳಗು ಹೊರಗೆಂಬುದು ಎರಡಲ್ಲವೆಂಬುದೂ, ಹೊರಗಿನ ಕುರುಹನ್ನು ಬಿಟ್ಟವನ ಒಳಗಿನ ಅರಿವು ಮಾತಿನಲ್ಲಿಯೇ ಉಳಿದುಹೋಗುವ ಭಯವುಂಟೆಂಬುದೂ ಚೆನ್ನಬಸವಣ್ಣನವರ ವಾದ. ಶೂನ್ಯಸಂಪಾದನೆಯ ಪರಿಷ್ಕರಣಗಳಲ್ಲಿ ಈ ಸಂವಾದವು ಬಹು ವಿಸ್ತಾರವಾಗಿ ಬೆಳೆದಿದೆ. ಕೊನೆಗೆ ಸಿದ್ಧರಾಮೇಶ್ವರರು ಚೆನ್ನಬಸವಣ್ಣನವರಿಂದಲೇ ಇಷ್ಟಲಿಂಗವನ್ನು ಪಡೆದರೆಂದು ಸಂಪ್ರದಾಯವು ಹೇಳುತ್ತದೆ. ಕೀರ್ತಿಯುಳ್ಳ ಹಿರಿಯ ಶಿವಯೋಗಿಯು ಕಿರಿಯನೆದುರಿಗೆ ಕೈಯೊಡ್ಡಿದನು. ಕಿರಿಯನು ಅದರಿಂದ ಉಬ್ಬಲಿಲ್ಲ.

ಅಲ್ಲಮಪ್ರಭುಗಳು ಶೂನ್ಯಸಿಂಹಾಸನವನ್ನು ಬಿಟ್ಟು ಶ್ರೀಶೈಲದ ಕದಳಿಯ ಕಡೆಗೆ ತೆರಳಿದ ಮೇಲೆ ಆ ಪೀಠದ ಹೊಣೆಯು ಚೆನ್ನಬಸವಣ್ಣನವರಿಗೆ ಬಂದಿತು. ಶೂನ್ಯಸಿಂಹಾಸನವೆಂಬ ಹೆಸರೇ ವಿಚಾರಮಾಡತಕ್ಕದ್ದು. ಕುಳಿತವನು ತಾನೆಂಬುದನ್ನು ಕಳೆದುಕೊಂಡಿದ್ದರೆ ಮಾತ್ರ ಆ ಆಸನವು ಅವನನ್ನು ಹೊರುತ್ತದೆ. ಅದೇ ಊರಿನಲ್ಲಿ, ಅದೇ ಕಾಲದಲ್ಲಿ, ಇನ್ನೊಂದು ಸಿಂಹಾಸನಕ್ಕಾಗಿ ಒಳಸಂಚುಗಳು ನಡೆಯುತ್ತಿದ್ದವು. ಒಂದನ್ನು ಏರುವುದಕ್ಕೆ ಕತ್ತಿ ಬೇಕಾಗಿದ್ದಿತು. ಇನ್ನೊಂದನ್ನು ಏರುವುದಕ್ಕೆ ಏನನ್ನೂ ಬಯಸದ ಮನಸ್ಸು ಬೇಕಾಗಿದ್ದಿತು.

ಕೇಡು ಬಂದುದು ಒಂದು ಮದುವೆಯ ನೆವದಿಂದ. ಸಮಗಾರ ಹರಳಯ್ಯನವರ ಮಗನಿಗೂ ಬ್ರಾಹ್ಮಣಕುಲದಿಂದ ಶರಣಮಾರ್ಗಕ್ಕೆ ಬಂದ ಮಧುವರಸರ ಮಗಳಿಗೂ ವಿವಾಹವಾಯಿತು. ಲಿಂಗವನ್ನು ಧರಿಸಿದವರಲ್ಲಿ ಪೂರ್ವಕುಲವನ್ನು ಎಣಿಸಲಾಗದೆಂದು ಶರಣರು ಒಪ್ಪಿದರು. ವರ್ಣಸಂಕರವಾಯಿತೆಂದು ವಿರೋಧಿಗಳು ಅರಸನಿಗೆ ದೂರಿತ್ತರು. ಹರಳಯ್ಯ ಮಧುವರಸರ ಕಣ್ಣುಗಳನ್ನು ಕೀಳಿಸಿ, ಆನೆಯ ಕಾಲಿಗೆ ಕಟ್ಟಿಸಿ ಎಳೆಯಿಸಿದರೆಂಬ ಘೋರವಾರ್ತೆಯನ್ನು ಪುರಾಣಗಳು ಹೇಳುತ್ತವೆ. ಬಸವೇಶ್ವರರು ಮಂತ್ರಿಪದವನ್ನು ತೊರೆದು ಕೂಡಲಸಂಗಮಕ್ಕೆ ತೆರಳಿದರು. ಅನತಿಕಾಲದಲ್ಲಿಯೇ ಜಗದೇವ ಮಲ್ಲಿಬೊಮ್ಮರ ಕೈಯಿಂದ ಬಿಜ್ಜಳನು ಹತನಾದನೆಂಬುದು ಪುರಾಣಗಳ ಕಥನ. 1167-68ರ ಸುಮಾರಿಗೆ ಬಿಜ್ಜಳನ ಮಗ ಸೋವಿದೇವನು ಪಟ್ಟಕ್ಕೆ ಬಂದುದನ್ನು ಶಾಸನಗಳು ತಿಳಿಸುತ್ತವೆ. ಬಸವೇಶ್ವರರು ಸಂಗಮದಲ್ಲಿ ಲಿಂಗೈಕ್ಯರಾದರು. ಅವರ ಕರೆಯಂತೆ ಹೊರಟ ನೀಲಾಂಬಿಕೆಯವರು ಸಂಗಮವನ್ನು ಮುಟ್ಟುವ ಮೊದಲೇ ಕೃಷ್ಣಾತೀರದ ತಂಗಡಗಿಯಲ್ಲಿ ಐಕ್ಯರಾದರು.

ಹೀಗೆ ಕೆಲವೇ ದಿನಗಳಲ್ಲಿ ಶರಣಸಮೂಹದ ಎಲ್ಲ ಆಸರೆಗಳೂ ಕಳಚಿಬಿದ್ದವು. ಪ್ರಭುಗಳಿಲ್ಲ, ಬಸವಣ್ಣನವರಿಲ್ಲ. ಸತ್ತ ಅರಸನ ಕಡೆಯವರ ಸೇಡು ಹಿಂದೆ ಬಿದ್ದಿದೆ. ತಮ್ಮವರೇ ಕೆಲವರು ಕತ್ತಿಯನ್ನೆತ್ತಿದರೆಂಬ ಅಪವಾದವೂ ತಲೆಯ ಮೇಲಿದೆ. ಚೆನ್ನಬಸವಣ್ಣನವರು ಇನ್ನೂ ತಾರುಣ್ಯದಲ್ಲಿದ್ದರು. ಅವರ ಮುಂದೆ ಇದ್ದ ದಾರಿಗಳನ್ನು ಯೋಚಿಸಿದರೆ ಎದೆ ನಡುಗುತ್ತದೆ. ಕಲ್ಯಾಣದಲ್ಲಿಯೇ ನಿಂತು ಹೋರಾಡಿ ಮಡಿಯುವುದೊಂದು. ವೀರರೆಂಬ ಹೆಸರು ಉಳಿಯುತ್ತಿತ್ತು, ಆದರೆ ಮಾರ್ಗವನ್ನು ಹೇಳುವವರು ಉಳಿಯುತ್ತಿರಲಿಲ್ಲ. ಹೊಸ ಅರಸನಿಗೆ ಶರಣುಹೋಗಿ ಲಿಂಗವನ್ನು ಮರೆಯಾಗಿಟ್ಟು ಬದುಕುವುದು ಇನ್ನೊಂದು. ಜೀವವು ಉಳಿಯುತ್ತಿತ್ತು, ಜೀವಕ್ಕೆ ಅರ್ಥವು ಉಳಿಯುತ್ತಿರಲಿಲ್ಲ. ಯಾರ ಪಾಡಿಗೆ ಅವರು ಹೋಗಲೆಂದು ಬಿಟ್ಟು ತಾವೊಬ್ಬರೇ ಯಾವುದೋ ಗುಹೆಯನ್ನು ಸೇರಿ ಯೋಗನಿಷ್ಠರಾಗುವುದು ಮೂರನೆಯದು. ಅಷ್ಟು ಬಲಿತ ಯೋಗಿಗೆ ಈ ಮೂರನೆಯದೇ ಸುಲಭವಾಗಿತ್ತೆಂಬುದನ್ನು ಮರೆಯಲಾಗದು. ಜನರನ್ನು ಕಟ್ಟಿಕೊಂಡು ಹೋಗುವುದಕ್ಕಿಂತ ಜನರನ್ನು ಬಿಟ್ಟುಹೋಗುವುದು ವಿರಕ್ತನಿಗೆ ಹಗುರವಾದ ಕೆಲಸ.

ಅವರು ಈ ಮೂರನ್ನೂ ಬಿಟ್ಟು, ಮುದುಕರು ಹೆಂಗಸರು ಮಕ್ಕಳೊಡಗೂಡಿ ಕಲ್ಯಾಣದಿಂದ ಹೊರಟರು. ಶರಣರು ಎಲ್ಲರೂ ಒಂದೇ ದಿಕ್ಕಿಗೆ ಹೋದವರಲ್ಲ. ಕೆಲವರು ಶ್ರೀಶೈಲದ ಕಡೆಗೆ, ಕೆಲವರು ತಂತಮ್ಮ ಹುಟ್ಟೂರುಗಳ ಕಡೆಗೆ ಹೊರಟರು. ಚೆನ್ನಬಸವಣ್ಣನವರ ತಂಡವು ಹಿಡಿದುದು ನೈಋತ್ಯದ ದಾರಿ. ಸಹ್ಯಾದ್ರಿಯ ಅರಣ್ಯದೊಳಗಣ ಉಳವಿಯ ದಾರಿ. ಇಂದಿನ ಬೀದರ ಜಿಲ್ಲೆಯ ಬಸವಕಲ್ಯಾಣದಿಂದ ಉತ್ತರಕನ್ನಡದ ಉಳವಿಗೆ 400 ಕಿಲೋಮೀಟರಿಗಿಂತ ಹೆಚ್ಚಿನ ಅಂತರವಿದೆ. ನಡುವೆ ಭೀಮಾ, ಕೃಷ್ಣಾ, ಮಲಪ್ರಭಾ ನದಿಗಳು. ಬಯಲುಸೀಮೆಯ ಜನರು ಕಂಡರಿಯದ ಕಾಡು, ಮಳೆ, ಕಣಿವೆ. ಎಳೆಗೂಸುಗಳನ್ನು ಹೊತ್ತ ತಾಯಂದಿರು ಈ ದಾರಿಯನ್ನು ಕಾಲ್ನಡೆಯಿಂದ ಸವೆಯಿಸಿದರೆಂದು ನೆನೆದಾಗ, ಪುರಾಣಗಳಲ್ಲಿ ನಾಲ್ಕು ಪದ್ಯಗಳಲ್ಲಿ ಮುಗಿದುಹೋಗುವ ಆ ಪ್ರಯಾಣದ ಭಾರವು ತಿಳಿಯುತ್ತದೆ.

ತಾಯಿ ನಾಗಲಾಂಬಿಕೆ, ಬಸವೇಶ್ವರರ ಪತ್ನಿ ಗಂಗಾಂಬಿಕೆ, ಡೋಹರ ಕಕ್ಕಯ್ಯನವರು, ಮಡಿವಾಳ ಮಾಚಯ್ಯನವರು, ಕಿನ್ನರಿ ಬೊಮ್ಮಯ್ಯನವರು ಜೊತೆಯಲ್ಲಿದ್ದರೆಂದು ಐತಿಹ್ಯವುಂಟು. ಬೆನ್ನಟ್ಟಿ ಬಂದ ಸೈನ್ಯವನ್ನು ತಡೆದು ನಿಲ್ಲಿಸಿದವರಲ್ಲಿ ಮಾಚಯ್ಯನವರೇ ಮೊದಲಿಗರು. ಬೆಳಗಾವಿ ಸೀಮೆಯ ಕಾದರವಳ್ಳಿಯಲ್ಲಿ ಕಾಳಗವಾಯಿತೆಂದು ಆ ಪ್ರದೇಶದ ಜನರು ತಲೆಮಾರುಗಳಿಂದ ಹೇಳುತ್ತ ಬಂದಿದ್ದಾರೆ. ಮುಗುಟಖಾನ ಹುಬ್ಬಳ್ಳಿಯಲ್ಲಿ ಮಲಪ್ರಭೆಯ ಒಡಲಿನಲ್ಲಿ ಗಂಗಾಂಬಿಕೆಯವರ ಐಕ್ಯಸ್ಥಳವಿದೆ. ಖಾನಾಪುರದ ಕಡೆಯ ಕಕ್ಕೇರಿಯಲ್ಲಿ ಕಕ್ಕಯ್ಯನವರ ನೆನಪು ನಿಂತಿದೆ. ಊರಿಗೆ ಊರೇ ಅವರ ಹೆಸರನ್ನು ಹೊತ್ತಿದೆ. ಯಾರ ಪ್ರಸಾದದಿಂದ ತಾನು ಹುಟ್ಟಿದೆನೆಂದು ತಾಯಿಯಿಂದ ಕೇಳಿ ಬೆಳೆದಿದ್ದರೋ ಆ ಹಿರಿಯರನ್ನು ಚೆನ್ನಬಸವಣ್ಣನವರು ದಾರಿಯಲ್ಲಿಯೇ ಕಳೆದುಕೊಂಡು ಮುಂದೆ ನಡೆಯಬೇಕಾಯಿತು.

ಕಾಳಗದ ಮಾತನ್ನು ಕೇಳಿದಾಗ ಕೆಲವರಿಗೆ ಸಂಶಯವು ಹುಟ್ಟುವುದು. ದಯೆಯನ್ನು ಧರ್ಮದ ಬೇರೆಂದು ಸಾರಿದ ಶರಣರು ಆಯುಧವನ್ನು ಹಿಡಿಯಬಹುದೆ? ಪಂಚಾಚಾರಗಳಲ್ಲಿ ಗಣಾಚಾರವೆಂಬುದೊಂದಿದೆ, ಧರ್ಮಕ್ಕೂ ಶರಣಸಮೂಹಕ್ಕೂ ಕುಂದು ಬಂದಾಗ ಸುಮ್ಮನಿರಲಾಗದೆಂಬುದು ಅದರ ತಾತ್ಪರ್ಯ. ಆದರೆ ಚೆನ್ನಬಸವಣ್ಣನವರ ನಡೆಯಲ್ಲಿ ಒಂದು ಅಂಶವು ಎದ್ದುಕಾಣುತ್ತದೆ. ಅವರು ಕಲ್ಯಾಣದ ಕಡೆಗೆ ಬೆನ್ನುಮಾಡಿ ನಡೆದರು. ತಡೆದು ನಿಂತುದು ಹಿಂದಿನವರು ಪಾರಾಗುವುದಕ್ಕಾಗಿ. ಗೆದ್ದ ನೆಲವನ್ನು ಹಿಡಿದುಕೊಳ್ಳುವುದಕ್ಕಾಗಿ ಅವರು ಎಲ್ಲಿಯೂ ನಿಲ್ಲಲಿಲ್ಲ. ರಾಜ್ಯವನ್ನು ಕಟ್ಟುವ ಆಸೆಯಿದ್ದ ನಾಯಕನು ಯಾವುದಾದರೊಂದು ಕೋಟೆಯ ಕಡೆಗೆ ತಿರುಗುತ್ತಿದ್ದನೇ ಹೊರತು ಉಳವಿಯ ಕಾಡಿನ ಕಡೆಗಲ್ಲ.

ಅವರು ಆ ಕಾಡಿಗೆ ಹೊತ್ತು ತಂದುದಾದರೂ ಏನನ್ನು? ಮಹಾಮನೆಯನ್ನು ಹೊತ್ತು ತರುವಂತಿರಲಿಲ್ಲ. ಅನುಭವಮಂಟಪದ ಕಂಬಗಳೂ ಅಲ್ಲಿಯೇ ಉಳಿದವು. ವಚನಗಳ ತಾಡವೋಲೆಯ ಕಟ್ಟುಗಳನ್ನು ತಂದರೆಂದು ಐತಿಹ್ಯವು ಒಂದೇ ಕಂಠದಿಂದ ಹೇಳುತ್ತದೆ. ಅದರೊಡನೆ ಪ್ರತಿಯೊಬ್ಬರ ಎದೆಯ ಮೇಲೆ ಇಷ್ಟಲಿಂಗವಿದ್ದಿತು. ಸಿದ್ಧರಾಮೇಶ್ವರರೊಡನೆ ಚೆನ್ನಬಸವಣ್ಣನವರು ಅಷ್ಟು ಹಟದಿಂದ ವಾದಿಸಿದ ಆ ಹೊರಗಿನ ಕುರುಹು ಈಗ ಎಂತಹ ಆಸರೆಯಾಯಿತು! ಗುಡಿಯನ್ನು ನೆಚ್ಚಿದ ಜನರು ಗುಡಿಯು ಬಿದ್ದಾಗ ಅನಾಥರಾಗುವರು. ಅರಸನನ್ನು ನೆಚ್ಚಿದವರು ಅರಸನೊಡನೆ ಬೀಳುವರು. ಅಂಗೈಯಲ್ಲಿ ಲಿಂಗವನ್ನಿಟ್ಟುಕೊಂಡು, ನೋಟ ರುಚಿ ಶಬ್ದಗಳನ್ನು ಅರ್ಪಿಸುವ ಕ್ರಮವನ್ನು ಕಲಿತ ಅಂಬಿಗನ ಹೆಂಡತಿಯು ಹೊಳೆಯ ದಂಡೆಯಲ್ಲಿ ಕುಳಿತರೂ ಆಕೆಗೆ ಅದೇ ಅನುಭವಮಂಟಪವಾಗಬಲ್ಲದು. ಎಣಿಕೆಯ ಶಾಸ್ತ್ರವೆಂದು ತೋರುತ್ತಿದ್ದ ಷಟ್‌ಸ್ಥಲವು ಮನೆಮಾರು ಕಳೆದುಕೊಂಡ ಜನರ ಬುತ್ತಿಯಾಯಿತು. ಅದನ್ನು ಕಟ್ಟಿಕೊಟ್ಟವರೇ ಅವರ ಮುಂದೆ ನಡೆಯುತ್ತಿದ್ದರು. ದಾರಿಯಲ್ಲಿ ಆಜ್ಞೆಮಾಡುವ ಸಂದರ್ಭಗಳು ಬಂದಿರಬಹುದು. ಆದರೆ ಒಬ್ಬೊಬ್ಬರನ್ನೂ ಅವರವರ ಒಳಗಿನ ಅರಿವಿನ ಮೇಲೆ ನಿಲ್ಲಿಸಿದ ಕೆಲಸವು ಎಷ್ಟೋ ವರ್ಷಗಳ ಹಿಂದೆಯೇ ಆಗಿಹೋಗಿತ್ತು.

ಉಳವಿಯ ಸುತ್ತಮುತ್ತಣ ಗವಿಗಳು ಇಂದಿಗೂ ಆ ಶರಣರ ಹೆಸರುಗಳನ್ನು ಉಳಿಸಿಕೊಂಡಿವೆ. ಅಕ್ಕನಾಗಮ್ಮನ ಗವಿ, ಮಹಾಮನೆಯ ಗವಿ, ಹರಳಯ್ಯನ ಚಿಲುಮೆ ಎಂದು ಯಾತ್ರಿಕರಿಗೆ ತೋರಿಸುತ್ತಾರೆ. ಕಲ್ಯಾಣದ ಮಹಾಮನೆಯು ಕಲ್ಲಿನ ಗವಿಯೊಂದಕ್ಕೆ ತನ್ನ ಹೆಸರನ್ನು ಕೊಟ್ಟಿತು. ಆಡಂಬರವು ಹೋದರೂ ಹೆಸರನ್ನು ಶರಣರು ಬಿಡಲಿಲ್ಲ. ಮಡಿದ ಹರಳಯ್ಯನವರ ಹೆಸರನ್ನು ನೀರಿನ ಒರತೆಗೆ ಇಟ್ಟವರ ಮನಸ್ಸು ಎಂತಹುದಿರಬೇಕು! ಇಂತಹ ಕಾಡಿನೊಳಗೆ ಚೆನ್ನಬಸವಣ್ಣನವರು ಪ್ರಾಯದಲ್ಲಿಯೇ ಲಿಂಗೈಕ್ಯರಾದರು. ಮಗನನ್ನು ಕಳೆದುಕೊಂಡ ತಾಯಿಯು ಅಲ್ಲಿಂದ ಹೊರಟು ಮಲೆನಾಡಿನ ದಾರಿಯಲ್ಲಿ ಮುಂದುವರಿದರೆಂದೂ ತರೀಕೆರೆಯ ಬಳಿಯ ಎಣ್ಣೆಹೊಳೆಯಲ್ಲಿ ಐಕ್ಯರಾದರೆಂದೂ ಆ ಕಡೆಯವರು ನಂಬಿದ್ದಾರೆ, ಗದ್ದುಗೆಯೂ ಅಲ್ಲಿದೆ. ತಮ್ಮನನ್ನೂ ಮಗನನ್ನೂ ಕಳೆದುಕೊಂಡ ಮೇಲೆಯೂ ನಡಿಗೆಯನ್ನು ನಿಲ್ಲಿಸದ ಆ ತಾಯಿಯ ಚರಿತ್ರೆಯನ್ನು ಬೇರೆಯಾಗಿಯೇ ಬರೆಯಬೇಕಾಗುವುದು.

ಶೂನ್ಯಸಿಂಹಾಸನದ ಪರಂಪರೆಯಲ್ಲಿ ಚೆನ್ನಬಸವಣ್ಣನವರ ತರುವಾಯ ಬರುವ ಹೆಸರು ಸಿದ್ಧರಾಮೇಶ್ವರರದು. ಲಿಂಗವನ್ನು ಕೊಟ್ಟವನಿಂದ ಲಿಂಗವನ್ನು ಪಡೆದವನಿಗೆ ಪೀಠವು ಸಂದಿತು. 1584ರಲ್ಲಿ ವಿರೂಪಾಕ್ಷ ಪಂಡಿತನು ವಾರ್ಧಕ ಷಟ್ಪದಿಯಲ್ಲಿ ಚೆನ್ನಬಸವಪುರಾಣವನ್ನು ರಚಿಸಿದಾಗ, ಸಿದ್ಧರಾಮೇಶ್ವರರು ಕೇಳುವವರಾಗಿ ಚೆನ್ನಬಸವಣ್ಣನವರು ಹೇಳುವವರಾಗಿ ಕಥೆಯನ್ನು ಹೆಣೆದಿರುವುದು ಈ ಸಂಬಂಧಕ್ಕೆ ಒಪ್ಪುವಂತಿದೆ. ಅನೇಕ ಮನೆಗಳಲ್ಲಿ ಶ್ರಾವಣಮಾಸದಲ್ಲಿ ಪುರಾಣವನ್ನು ಹಚ್ಚಿಸುವವರು ಈ ಗ್ರಂಥವನ್ನು ಬಲ್ಲರು. ಅದರಲ್ಲಿ ಬರುವ ಪವಾಡಗಳನ್ನು ಕೇಳಿ ಕೈಮುಗಿಯುವವರು ಬಹುಜನ. ಷಟ್‌ಸ್ಥಲದ ಭಾಗವು ಬಂದಾಗ ಕೇಳುವವರು ತೂಕಡಿಸುವುದೂ ಉಂಟು.

ಅತ್ತ ಕಲ್ಯಾಣದ ಸಿಂಹಾಸನದ ಗತಿಯು ಏನಾಯಿತು? ಸೋವಿದೇವನು 1176ರವರೆಗೆ ಆಳಿದನು. ಅವನ ತಮ್ಮಂದಿರು ಒಬ್ಬರ ಬಳಿಕ ಒಬ್ಬರು ಪಟ್ಟಕ್ಕೆ ಬಂದರು. 1184ರ ಸುಮಾರಿಗೆ ಚಾಲುಕ್ಯ ನಾಲ್ಕನೆಯ ಸೋಮೇಶ್ವರನು ಕಳಚುರ್ಯರನ್ನು ಅಡಗಿಸಿದನು. ಅವನ ರಾಜ್ಯವೂ ಬಹುಕಾಲ ನಿಲ್ಲದೆ, ದೇವಗಿರಿಯ ಸೇವುಣರಿಗೂ ದೋರಸಮುದ್ರದ ಹೊಯ್ಸಳರಿಗೂ ಹಂಚಿಹೋಯಿತು. ಶರಣರನ್ನು ಬೆನ್ನಟ್ಟಿದ ಮನೆತನವು ಅವರು ಉಳವಿಯನ್ನು ಮುಟ್ಟಿದ ಇಪ್ಪತ್ತು ವರ್ಷಗಳೊಳಗಾಗಿ ನಾಮಾವಶೇಷವಾಯಿತು.

ಓಲೆಯ ಕಟ್ಟುಗಳು ಉಳಿದವು. ಅವುಗಳನ್ನು ಪ್ರತಿಮಾಡಿದ ಕೈಗಳು ಎಷ್ಟೋ. ಅವರಲ್ಲಿ ಬಹುಮಂದಿಯ ಹೆಸರುಗಳೇ ಉಳಿದಿಲ್ಲ. ವಿಜಯನಗರದ ಪ್ರೌಢದೇವರಾಯನ ಆಳ್ವಿಕೆಯು ನಡೆದ 15ನೆಯ ಶತಮಾನದಲ್ಲಿ ವಿರಕ್ತರು ಆ ವಚನಗಳನ್ನು ಹುಡುಕಿ ಕೂಡಿಸಿದರು. ಶಿವಗಣಪ್ರಸಾದಿ ಮಹಾದೇವಯ್ಯನವರು ಮೊದಲನೆಯ ಶೂನ್ಯಸಂಪಾದನೆಯನ್ನು ಕಟ್ಟಿದರು. ಹಲಗೆಯಾರ್ಯರು, ಗುಮ್ಮಳಾಪುರದ ಸಿದ್ಧಲಿಂಗಯತಿಗಳು, ಗೂಳೂರು ಸಿದ್ಧವೀರಣಾರ್ಯರು ಅದನ್ನು ಮತ್ತೆ ಮತ್ತೆ ಪರಿಷ್ಕರಿಸಿದರು. ಮುಂದೆ ಓಲೆಗರಿಗಳು ಮಠಗಳ ಅಟ್ಟಗಳಲ್ಲಿಯೂ ಮನೆಗಳ ಜಗಲಿಗಳಲ್ಲಿಯೂ ಪೂಜೆಗೆ ಮಾತ್ರ ಒಳಗಾಗಿ ಧೂಳುಹಿಡಿದು ಕುಳಿತಿದ್ದಾಗ, ವಿಜಯಪುರದ ವಕೀಲರಾಗಿದ್ದ ಫ. ಗು. ಹಳಕಟ್ಟಿಯವರು ಮನೆಮನೆಯನ್ನು ಅಲೆದು ಅವುಗಳನ್ನು ಸಂಗ್ರಹಿಸಿ, 1923ರಲ್ಲಿ ವಚನಶಾಸ್ತ್ರಸಾರದ ಮೊದಲನೆಯ ಭಾಗವನ್ನು ಅಚ್ಚುಮಾಡಿಸಿದರು. 

ಉಳವಿಯು ಈಗ ಜೋಯಿಡಾ ತಾಲ್ಲೂಕಿಗೆ ಸೇರಿದೆ. ಪ್ರತಿವರ್ಷವೂ ಮಾಘಮಾಸದ ಭಾರತ ಹುಣ್ಣಿಮೆಯ ವೇಳೆಗೆ ಅಲ್ಲಿ ಚೆನ್ನಬಸವೇಶ್ವರರ ಜಾತ್ರೆಯು ಕೂಡುತ್ತದೆ. ಧಾರವಾಡ ಬೆಳಗಾವಿ ಸೀಮೆಗಳ ಒಕ್ಕಲಿಗರು ಎತ್ತುಗಳಿಗೆ ಜೂಲು ಹೊದಿಸಿ, ಕೊರಳಿಗೆ ಗಂಟೆಯನ್ನು ಕಟ್ಟಿ, ಚಕ್ಕಡಿಗಳಲ್ಲಿ ಹೆಂಡಿರುಮಕ್ಕಳನ್ನು ಕೂಡಿಸಿಕೊಂಡು ಹೊರಡುವರು. ಮೋಟಾರು ಬಂದ ಮೇಲೆಯೂ ಚಕ್ಕಡಿಯಲ್ಲಿಯೇ ಹೋಗುವ ಹರಕೆಯನ್ನು ಬಿಡದ ಮನೆತನಗಳಿವೆ. ದಾರಿಯಲ್ಲಿ ಅಲ್ಲಲ್ಲಿ ಇಳಿದು ಅಡಿಗೆಮಾಡಿ, ಲಿಂಗಪೂಜೆಯನ್ನು ತೀರಿಸಿ, ಜೊತೆಗೆ ಬಂದ ಅಪರಿಚಿತರಿಗೂ ರೊಟ್ಟಿಯನ್ನು ಹಂಚಿ, ಕಾಡಿನ ಇಳಿಜಾರಿನಲ್ಲಿ ಎತ್ತಿನ ಹಗ್ಗವನ್ನು ಬಿಗಿಹಿಡಿದು ಅವರು ನಡೆಯುತ್ತಾರೆ.